ಕಣ್ಣಳತೆಯೂ ಮಿಲಿಲೀಟರೂ

ಅಡಿಗೆಯ ಮನೆಯಲ್ಲಿ ಕಣ್ಣಳತೆಗಿಂತ ಮಿಗಿಲಾದ ಅಳತೆಯಿಲ್ಲ. ಹುಳಿಗೆ ಎಷ್ಟು ಉಪ್ಪು, ಡಿಕಾಕ್ಷನ್ನಿಗೆ ಎಷ್ಟು ಹಾಲು ಎಂಬುದನ್ನು ನುರಿತ ಗೃಹಿಣಿಯ ಕೈ ತಾನಾಗಿಯೇ ಬಲ್ಲದು. ಒಂದು ಚಿಟಿಕೆ ಹೆಚ್ಚುಕಡಿಮೆಯಾದರೆ ಮನೆಯವರು ಮುಖ ಸಿಂಡರಿಸಬಹುದೇ ಹೊರತು ಪ್ರಾಣಕ್ಕೇನೂ ಅಪಾಯವಿಲ್ಲ. ಆದರೆ ಅದೇ ಗೃಹಿಣಿ ಔಷಧದ ಕಪಾಟಿನ ಮುಂದೆ ನಿಂತಾಗ ಕಣ್ಣಳತೆಯನ್ನು ಅಡಿಗೆಯ ಮನೆಯಲ್ಲಿಯೇ ಬಿಟ್ಟು ಬರುವುದು ಲೇಸು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಅಲ್ಲಿ ಬರಿಯ ಗಾದೆಯಲ್ಲ.

ಹೊತ್ತಲ್ಲದ ಹೊತ್ತಿನಲ್ಲಿ ನಾಲ್ವರು ನೆಂಟರು ಬಂದಿಳಿದರೆ ಸಾರಿಗೆ ನೀರು ಬೆರೆಸುವುದು ನಮ್ಮಲ್ಲಿ ಹಳೆಯ ಉಪಾಯ. ಎರಡು ಲೀಟರು ಸಾರು ನಾಲ್ಕು ಲೀಟರಾದಾಗ ಅದರಲ್ಲಿದ್ದ ಉಪ್ಪು ಎಲ್ಲಿಗೂ ಹೋಗಲಿಲ್ಲ; ಎರಡರಷ್ಟು ಜಾಗದಲ್ಲಿ ಹರಡಿಕೊಂಡು ತನ್ನ ತೀಕ್ಷ್ಣತೆಯನ್ನು ಅರ್ಧಕ್ಕಿಳಿಸಿಕೊಂಡಿತು, ಅಷ್ಟೆ. ದ್ರಾವಣವನ್ನು ತೆಳುವಾಗಿಸುವ ಲೆಕ್ಕವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಮೊದಲಿನ ತೀಕ್ಷ್ಣತೆಯನ್ನು ಮೊದಲಿನ ಪರಿಮಾಣದಿಂದ ಗುಣಿಸಿದಾಗ ಬರುವ ಸಂಖ್ಯೆಯೂ, ಕೊನೆಯ ತೀಕ್ಷ್ಣತೆಯನ್ನು ಕೊನೆಯ ಪರಿಮಾಣದಿಂದ ಗುಣಿಸಿದಾಗ ಬರುವ ಸಂಖ್ಯೆಯೂ ಒಂದೇ. ಶಾಲೆಯ ಹುಡುಗರು ಇದನ್ನು ಸೂತ್ರವೆಂದು ಕಂಠಪಾಠ ಮಾಡುತ್ತಾರೆ. ನಮಗೆ ಸಾರಿನ ಪಾತ್ರೆಯೇ ಸಾಕ್ಷಿ.

ನೆಲವನ್ನೂ ಶೌಚಾಲಯವನ್ನೂ ಶುಚಿಗೊಳಿಸುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ತೆಗೆದುಕೊಳ್ಳಿ. 2020ರ ಕೊರೊನಾ ಕಾಲದಲ್ಲಿ ಶೇಕಡಾ 1ರ ದ್ರಾವಣವೆಂಬ ಮಾತು ಎಲ್ಲರ ಕಿವಿಗೂ ಬಿದ್ದಿತ್ತು. ಅಂಗಡಿಯಿಂದ ತಂದ ಸೀಸೆಯ ಮೇಲೆ ಶೇಕಡಾ 5 ಎಂದು ಬರೆದಿದ್ದರೆ, 5ನ್ನು 1ರಿಂದ ಭಾಗಿಸಿರಿ. ಬರುವುದು 5. ಇದು ಒಟ್ಟು ಪಾಲುಗಳ ಸಂಖ್ಯೆಯೇ ಹೊರತು ನೀರಿನ ಪಾಲುಗಳದಲ್ಲ. ಒಂದು ಪಾಲು ದ್ರಾವಣ, ಉಳಿದ ನಾಲ್ಕು ಪಾಲು ನೀರು. ಎಂದರೆ ಒಂದು ಲೀಟರು ಬೇಕಾದಲ್ಲಿ 200 ಮಿಲಿಲೀಟರು ದ್ರಾವಣಕ್ಕೆ 800 ಮಿಲಿಲೀಟರು ನೀರು. ಐದೆಂದು ಕೇಳಿದೊಡನೆ ಐದು ಲೋಟ ನೀರು ಸುರಿಯುವುದು ಸಾಮಾನ್ಯವಾಗಿ ಆಗುವ ಪ್ರಮಾದ. ಅರ್ಧ ಶೇಕಡಾ ಸಾಕೆಂದಾದರೆ ಒಟ್ಟು ಹತ್ತು ಪಾಲು, ಅದರಲ್ಲಿ ನೀರು ಒಂಬತ್ತು. ಈ ದ್ರಾವಣ ದಿನ ಕಳೆದಂತೆ ಸತ್ವಗುಂದುವುದರಿಂದ ಅಂದಿನದನ್ನು ಅಂದೇ ಬೆರೆಸಿಕೊಳ್ಳಬೇಕು. ಆಸಿಡ್ಡಿನೊಡನೆ ಇದನ್ನು ಎಂದಿಗೂ ಸೇರಿಸಕೂಡದು. ಸೇರಿಸಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಹೊರಡುತ್ತದೆ.

ಇನ್ನು ಮಕ್ಕಳ ಜ್ವರದ ಔಷಧ. ಪ್ಯಾರಾಸಿಟಮಾಲ್ ನಮ್ಮಲ್ಲಿ ಹಸುಳೆಗಳಿಗೆ ಹನಿಗಳ ರೂಪದಲ್ಲಿಯೂ, ತುಸು ದೊಡ್ಡ ಮಕ್ಕಳಿಗೆ ಸಿರಪ್ಪಿನ ರೂಪದಲ್ಲಿಯೂ ದೊರೆಯುತ್ತದೆ. ಹನಿಯ ಸೀಸೆ ಚಿಕ್ಕದು, ಕೂಸೂ ಚಿಕ್ಕದು. ಆದುದರಿಂದ ಔಷಧವೂ ಸೌಮ್ಯವಾದುದೆಂದು ಭಾವಿಸುವುದು ಸಹಜ. ನಿಜಸ್ಥಿತಿ ಇದಕ್ಕೆ ವಿರುದ್ಧ. ಹನಿಯ ಔಷಧದ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಾದರೋ 120 ಅಥವಾ 125 ಮಿಲಿಗ್ರಾಂ ಇರುವುದು ಐದು ಮಿಲಿಲೀಟರಿನಲ್ಲಿ. ಇದರ ಎರಡರಷ್ಟು ಕಟುವಾದ ಸಿರಪ್ಪೂ ಉಂಟು. ಸಿರಪ್ಪೆಂದು ತಿಳಿದು ಹನಿಯ ಔಷಧವನ್ನು ಐದು ಮಿಲಿಲೀಟರು ಕುಡಿಸಿದರೆ ಮಗುವಿನ ಹೊಟ್ಟೆಗೆ ಸೇರುವುದು 500 ಮಿಲಿಗ್ರಾಂ, ಎಂದರೆ ದೊಡ್ಡವರು ನುಂಗುವ ಒಂದು ಇಡೀ ಮಾತ್ರೆ! ಇಂತಹ ತಪ್ಪು ಮೇಲಿಂದ ಮೇಲೆ ಆದಲ್ಲಿ ಯಕೃತ್ತಿಗೆ ಧಕ್ಕೆ ತಪ್ಪಿದ್ದಲ್ಲ. ಆದಕಾರಣ ವೈದ್ಯರನ್ನು "ಎಷ್ಟು ಮಿಲಿಲೀಟರು?" ಎಂದಷ್ಟೇ ಕೇಳಿದರೆ ಸಾಲದು, "ಯಾವ ಸೀಸೆಯದು?" ಎಂದೂ ಕೇಳಬೇಕು.

ಚಮಚೆಯ ವಿಷಯವೂ ಹೀಗೆಯೇ. ಚಹಾ ಚಮಚೆಯೆಂದರೆ ಐದು ಮಿಲಿಲೀಟರೆಂದು ಪುಸ್ತಕ ಹೇಳುತ್ತದೆ; ಆದರೆ ನಮ್ಮ ಡಬ್ಬಿಯಲ್ಲಿರುವ ಹತ್ತು ಚಮಚೆಗಳು ಹತ್ತು ಬಗೆ. ಔಷಧದೊಡನೆ ಬರುವ ಅಳತೆಯ ಮುಚ್ಚಳವನ್ನಾಗಲಿ, ಸೂಜಿಯಿಲ್ಲದ ಸಿರಿಂಜನ್ನಾಗಲಿ ಬಳಸುವುದೇ ಕ್ಷೇಮ. ಮುಚ್ಚಳವನ್ನು ಕೈಯಲ್ಲಿ ಎತ್ತಿ ಹಿಡಿದು ನೋಡದೆ ಸಮತಟ್ಟಾದ ಮೇಜಿನ ಮೇಲಿಟ್ಟು, ಗೆರೆಯ ಮಟ್ಟಕ್ಕೆ ಕಣ್ಣನ್ನು ತಂದು ನೋಡಬೇಕು. ದ್ರವವು ಅಂಚಿನಲ್ಲಿ ಮೇಲೇರಿ ನಡುವೆ ತಗ್ಗಾಗಿ ಕಂಡರೆ ಲೆಕ್ಕಕ್ಕೆ ಬರುವುದು ಆ ತಗ್ಗು. ನೀರು ಬೆರೆಸಬೇಕಾದ ಪುಡಿಯ ಔಷಧಕ್ಕೆ ಕಾಯಿಸಿ ಆರಿಸಿದ ನೀರನ್ನು ಗೆರೆಯವರೆಗೆ ತುಂಬಿ, ಚೆನ್ನಾಗಿ ಕುಲುಕಿ, ನೊರೆ ಇಳಿದ ಮೇಲೆ ಮಟ್ಟ ತಗ್ಗಿದ್ದರೆ ಮತ್ತೆ ಗೆರೆ ಮುಟ್ಟಿಸಬೇಕು.

ಅಳತೆಯ ನೀರು ಜೀವ ಉಳಿಸಿದ ಕಥೆಯೂ ನಮ್ಮ ದೇಶದಲ್ಲಿಯೇ ನಡೆದಿದೆ. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ರಕ್ತನಾಳಕ್ಕೆ ಕೊಡುವ ದ್ರವ ಸಾಲದಾಯಿತು. ಡಾ. ದಿಲೀಪ್ ಮಹಲನಾಬಿಸ್ ಅವರು ಒಂದು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡ ಬೆರೆಸಿ ಕುಡಿಸಿದರು. ಶೇಕಡಾ 30ರಷ್ಟಿದ್ದ ಮರಣ ಶೇಕಡಾ 3.6ಕ್ಕೆ ಇಳಿಯಿತು. 2022ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು.

ಇಂದು ಅದರ ಸುಧಾರಿಸಿದ ರೂಪವಾದ ಓ.ಆರ್.ಎಸ್. ಪುಡಿ ಔಷಧದಂಗಡಿಯಲ್ಲೆಲ್ಲ ದೊರೆಯುತ್ತದೆ. ಆದರೆ ಪೊಟ್ಟಣಗಳಲ್ಲಿ ಎರಡು ಬಗೆ: ದೊಡ್ಡದು ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರೆ ದ್ರಾವಣ ಐದರಷ್ಟು ಗಾಢವಾಗಿ, ಭೇದಿಯಿಂದ ಸೊರಗಿದ ಕೂಸಿನ ಮೈಗೆ ನೀರು ಸೇರುವ ಬದಲು ರಕ್ತದಲ್ಲಿ ಉಪ್ಪೇರಿ ಪ್ರಾಣಕ್ಕೇ ಎರವಾಗಬಹುದು. ಚಿಕ್ಕ ಪೊಟ್ಟಣವನ್ನು ಲೀಟರಿಗೆ ಹಾಕಿದರೆ ಲವಣ ಸಾಲದು. ಮಗು ಅಷ್ಟು ಕುಡಿಯಲಾರದೆಂದು ಪುಡಿಯನ್ನು ಅಂದಾಜಿನಿಂದ ಅರ್ಧ ಮಾಡುವುದೂ ಸಲ್ಲದು. ಪೂರ್ಣ ಪೊಟ್ಟಣವನ್ನು ಪೂರ್ಣ ನೀರಿಗೆ ಬೆರೆಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಿ, 24 ಗಂಟೆ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಬೇಕು.

ಗೆರೆ ಗುರುತುಗಳುಳ್ಳ ಒಂದು ಲೀಟರಿನ ಅಳತೆಯ ಪಾತ್ರೆಗೆ ಹೆಚ್ಚಿನ ಬೆಲೆಯೇನಿಲ್ಲ. ಮುಂದಿನ ಬಾರಿ ಪೇಟೆಗೆ ಹೋದಾಗ ಒಂದನ್ನು ತನ್ನಿರಿ. ಅದನ್ನು ಹಿಟ್ಟು ಅಳೆಯಲು ಎತ್ತಿಕೊಳ್ಳದೆ ಕಪಾಟಿನಲ್ಲಿಯೇ ಇರಿಸಿರಿ. ಅರ್ಧರಾತ್ರಿಯಲ್ಲಿ ಮಗು ನರಳಿದಾಗ ಹುಡುಕಾಡುವ ಕೈಗೆ ಅದು ಸಿಕ್ಕರೆ ಸಾಕು, ಕೊಟ್ಟ ಹಣ ಸಾರ್ಥಕ.