ವಿಭಾಗಪಟ್ಟಿಯಲ್ಲಿ ಒಂದು ಹೂದಾನಿ

ಹೊಳೆನರಸೀಪುರದ ವರ್ತಕ ಕುಟುಂಬವೊಂದರ ವಿಭಾಗಪತ್ರಕ್ಕೆ ಕೆಲವು ವರ್ಷಗಳ ಹಿಂದೆ ಆಸ್ತಿಪಟ್ಟಿ ಸಿದ್ಧಪಡಿಸಬೇಕಾಗಿ ಬಂದಿತ್ತು. ಮಳಿಗೆ, ದಾಸ್ತಾನು, ತೆಂಗಿನ ತೋಟ, ಚಿನ್ನ ಎಲ್ಲಕ್ಕೂ ಮೌಲ್ಯ ನಮೂದಾಯಿತು. ಕೊನೆಯ ಸಾಲು ಹೀಗಿತ್ತು: 'ಹಳೆಯ ಪಾತ್ರೆ, ಹೂದಾನಿ ಇತ್ಯಾದಿ, ರೂ. 500'. ಅದನ್ನು ಬರೆದವನು ನಾನೇ.

ಆ ಹೂದಾನಿಯು ಮನೆಯ ಹಿರಿಯರು 1950ರ ದಶಕದಲ್ಲಿ ದೆಹಲಿಯಿಂದ ತಂದದ್ದು. ನೀಲಿ ಮೆರುಗಿನ, ಕೈಯಿಂದ ತಿರುಗಿಸಿ ಮಾಡಿದ ವಸ್ತು. ಕಿರಿಯ ಸಹೋದರರ ಪಾಲಿಗೆ ಹೋಯಿತು. ಮುಂದೆ ಅವರು ಅದನ್ನು ಹದಿನೆಂಟು ಸಾವಿರಕ್ಕೆ ಮಾರಿದ ಸುದ್ದಿ ಹಿರಿಯರ ಕಿವಿಗೆ ಬಿತ್ತು. ಮೋಸವಾಯಿತೆಂದು ಒಬ್ಬರು, ಬೇಡವೆಂದದ್ದು ನೀವೇ ಎಂದು ಇನ್ನೊಬ್ಬರು. ಇಂದಿಗೂ ಇಬ್ಬರೂ ಒಂದೇ ಬೀದಿಯಲ್ಲಿ ವ್ಯಾಪಾರ ಮಾಡುತ್ತಾರೆ, ಮಾತಿಲ್ಲ. ಹದಿನೆಂಟು ಸಾವಿರ ನ್ಯಾಯವಾದ ಬೆಲೆಯೇ ಎಂಬುದಂತೂ ತಿಳಿಯಲೇ ಇಲ್ಲ. ಖರೀದಿಯ ರಸೀದಿ ಒಂದು ದೀಪಾವಳಿಯ ಸ್ವಚ್ಛತೆಯಲ್ಲಿ ಕಸದ ಪಾಲಾಗಿತ್ತು.

ದೆಹಲಿ, ನೀಲಿ, 1950ರ ದಶಕ ಎಂದೊಡನೆ ವಿಚಾರಿಸಬೇಕಾದ ಹೆಸರು ಗುರುಚರಣ್ ಸಿಂಗ್ ಅವರದು. ಜಪಾನಿನಲ್ಲಿ ಕುಂಬಾರಿಕೆ ಕಲಿತು ಬಂದ ಅವರು 1952ರಲ್ಲಿ ದೆಹಲಿ ಬ್ಲೂ ಪಾಟರಿಯನ್ನು ಸ್ಥಾಪಿಸಿದರು. 1991ರಲ್ಲಿ ಪದ್ಮಶ್ರೀ ಪಡೆದರು. ಒಬ್ಬ ಕುಂಬಾರನೇ ಸಣ್ಣ ಕಾರ್ಯಾಗಾರದಲ್ಲಿ ರೂಪಿಸಿ, ಮೆರುಗು ಬಳಿದು, ಸುಡುವ ಇಂತಹ ಕೃತಿಗಳನ್ನು ಸ್ಟುಡಿಯೋ ಕುಂಬಾರಿಕೆ ಎನ್ನುತ್ತಾರೆ. ಬೆಂಗಳೂರಿನ ಹಿಂದಿನ ಸರ್ಕಾರಿ ಪಿಂಗಾಣಿ ಕಾರ್ಖಾನೆಯ ಸರಕಿನ ಲೆಕ್ಕ ಬೇರೆ, ಇದರ ಲೆಕ್ಕ ಬೇರೆ. ಆದರೂ ಕಾರ್ಯಾಗಾರದ ಸಾಮಾನ್ಯ ಸರಕೇ, ಗುರುವಿನ ಕೈಯ ಕೃತಿಯೇ ಎಂಬ ಪ್ರಶ್ನೆ ಉಳಿಯುತ್ತದೆ. ಬೆಲೆ ನಿಂತಿರುವುದು ಅದರ ಮೇಲೆಯೇ.

ಅರಕಲಗೂಡು, ಚನ್ನರಾಯಪಟ್ಟಣದ ಸಂತೆಗಳಲ್ಲಿ ಗಡಿಗೆಯನ್ನು ಬೆರಳಿನಿಂದ ತಟ್ಟಿ, ದನಿ ಕೇಳಿ ಕೊಳ್ಳುವ ಜಾಣ್ಮೆ ನಮಗಿದೆ. ಇಲ್ಲಿಯೂ ಅದು ಉಪಯುಕ್ತ: ಬಿರುಕಿದ್ದರೆ ದನಿ ಒಡೆದು ಕೇಳುತ್ತದೆ. ಅನಂತರ ತಳವನ್ನು ನೋಡಬೇಕು. ಮೆರುಗಿಲ್ಲದ ಅಡಿಬಳೆಯಲ್ಲಿ ಗೀರಿದ ಹೆಸರು, ಒತ್ತಿದ ಮುದ್ರೆ, ಹಳೆಯ ಚೀಟಿ ಇರಬಹುದು. ಚೀಟಿಯನ್ನು ಕೀಳಬಾರದು, ಹುಣಸೆಹಣ್ಣು ಹಾಕಿ ತಿಕ್ಕಲೂಬಾರದು. ಬಾಯಿಯ ಅಂಚು ಮುರಿದು ಅಂಟಿಸಿದ್ದರೆ ನೇರಳಾತೀತ ದೀಪದಲ್ಲಿ ತೇಪೆ ಬೇರೆಯಾಗಿ ಕಾಣುವುದುಂಟು. ಆಮೇಲೆಯೇ ಅದೇ ಕಲಾವಿದರ, ಅದೇ ಗಾತ್ರದ ಕೃತಿಗಳು ಹರಾಜಿನಲ್ಲಿ ನಿಜವಾಗಿ ಮಾರಾಟವಾದ ದರಗಳೊಂದಿಗೆ ಹೋಲಿಕೆ. ಮಾರುವವರು ಕೇಳಿದ ದರ ದರವಲ್ಲ. ವ್ಯಾಪಾರಿಗಳಿಗೆ ಇದನ್ನು ಹೇಳಬೇಕಾಗಿಲ್ಲ.

ಕಾನೂನಿನ ಮಾತೂ ಇದೆ. ಮನೆಬಳಕೆಯ ವಸ್ತುವೆಂಬ ವಿನಾಯಿತಿಯಿಂದ ಕಲಾಕೃತಿಗಳನ್ನು 2007ರ ಹಣಕಾಸು ಕಾಯ್ದೆಯು ಹೊರಗಿಟ್ಟಿತು. ಮಾರಿದ ಲಾಭ ಬಂಡವಾಳ ಲಾಭವೇ. 2001ರ ಏಪ್ರಿಲ್ 1ಕ್ಕೆ ಮೊದಲು ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಮೌಲ್ಯವನ್ನು ಅಸಲೆಂದು ಇಟ್ಟುಕೊಳ್ಳಬಹುದು, ಆದರೆ ಆ ಮೌಲ್ಯಕ್ಕೆ ಆಧಾರ ಬೇಕು. ನೋಂದಾಯಿತ ಮೌಲ್ಯಮಾಪಕರ ವರದಿಗಿಂತ ಗಟ್ಟಿಯಾದ ಆಧಾರ ನನಗೆ ತಿಳಿದಿಲ್ಲ. ಇನ್ನು, ಪುರಾತನ ವಸ್ತು, ಮನೆಯಲ್ಲಿಟ್ಟರೆ ತೊಂದರೆ ಎಂದು ಹೆದರಿಸಿ ಅಗ್ಗಕ್ಕೆ ಕೇಳುವವರಿದ್ದಾರೆ. 1972ರ ಕಾಯ್ದೆಯಂತೆ ಇಂತಹ ವಸ್ತು ಪುರಾವಸ್ತು ಎನಿಸಲು ನೂರು ವರ್ಷ ತುಂಬಿರಬೇಕು. 1950ರ ದಶಕದ ಹೂದಾನಿಗೆ ಆ ವಯಸ್ಸಾಗಿಲ್ಲ.

ಬಿಲ್ಲಿಲ್ಲದ ಒಂದು ಮೂಟೆ ಸರಕನ್ನು ಗೋದಾಮಿಗೆ ಇಳಿಸಿಕೊಳ್ಳದ ನಾವು ಮನೆಯ ವಸ್ತುಗಳ ಕಾಗದವನ್ನು ಎಸೆಯುತ್ತೇವೆ. ಲೆಕ್ಕಪರಿಶೋಧಕನಿಗೆ ಮೆರುಗಿನ ಬೆಲೆ ಕಟ್ಟುವ ವಿದ್ಯೆ ಇಲ್ಲ. ಇಲ್ಲದ ವಿದ್ಯೆಯಿಂದ ನಾನು ರೂ. 500 ಬರೆದೆ. ಕಲಾಕೃತಿಗಳ ನೋಂದಾಯಿತ ಮೌಲ್ಯಮಾಪಕರ ವಿಳಾಸಪಟ್ಟಿಯೊಂದನ್ನು ನಮ್ಮ ಸಂಸ್ಥೆಯು ಕಚೇರಿಯಲ್ಲಿ ಇರಿಸಿ, ವರ್ಷಕ್ಕೊಮ್ಮೆ ಅಂಥವರೊಬ್ಬರನ್ನು ಹಾಸನಕ್ಕೆ ಕರೆಸುವುದು ಕಷ್ಟವೇನಲ್ಲ. ಪ್ರಯಾಣವೆಚ್ಚವನ್ನು ವಸ್ತು ತರುವ ಸದಸ್ಯರು ಹಂಚಿಕೊಳ್ಳಬಹುದು. ಅಲ್ಲಿಯವರೆಗೆ ನನ್ನ ಕಚೇರಿಯ ವಿಭಾಗಪಟ್ಟಿಗಳಲ್ಲಿ ಇಂತಹ ವಸ್ತುವಿನ ಎದುರಿನ ಅಂಕಣವನ್ನು ವರದಿ ಬರುವ ತನಕ ಖಾಲಿ ಬಿಡುತ್ತಿದ್ದೇನೆ.