ವಿಮಾನಕ್ಕೂ ಅಭ್ಯಂಜನ!

ಮಗಳ ಬಾಣಂತನಕ್ಕೆಂದು ಚಳಿಗಾಲದಲ್ಲಿ ಕೆನಡಾಕ್ಕೋ ಅಮೆರಿಕಕ್ಕೋ ಹೊರಟಿದ್ದೀರಾ? ಹಾಗಿದ್ದರೆ ಚಟ್ನಿಪುಡಿ, ಮೆಂತ್ಯದ ಹಿಟ್ಟಿನ ಜೊತೆಗೆ ಈ ಮಾತನ್ನೂ ಕಟ್ಟಿಕೊಂಡು ಹೋಗಿ.

ಹಿಮ ಬೀಳುವ ಊರುಗಳಲ್ಲಿ ವಿಮಾನ ಹತ್ತಿ ಕುಳಿತ ಮೇಲೂ ಒಮ್ಮೊಮ್ಮೆ ಅದು ಹೊರಡುವುದಿಲ್ಲ. ಲಾರಿಯಂಥ ಗಾಡಿಯೊಂದು ಬಂದು ರೆಕ್ಕೆಗಳ ಮೇಲೆ ಕಿತ್ತಳೆ ಬಣ್ಣದ ಬಿಸಿ ದ್ರವ ಸುರಿಯುತ್ತದೆ. ಕೆಲವು ಸಲ ಆಮೇಲೆ ಹಸಿರು ಬಣ್ಣದ್ದು. "ಇದೇನಪ್ಪಾ, ಹೊರಡೋ ಹೊತ್ತಿಗೆ ಅಭ್ಯಂಜನ!" ಎಂದು ಸಿಡಿಮಿಡಿಗೊಳ್ಳಬೇಡಿ.

ಸಣ್ಣಗೆ ಬೀಳುವ ನಲ್ಲಿ ನೀರಿಗೆ ಚಮಚದ ಬೆನ್ನು ತಾಗಿಸಿ ನೋಡಿ. ನೀರು ನೆಟ್ಟಗೆ ಬೀಳದೆ, ಉಬ್ಬಿಗೆ ಅಂಟಿಕೊಂಡು ಬಾಗಿ ಹರಿಯುತ್ತದೆ. ರೆಕ್ಕೆಯ ಉಬ್ಬಿದ ಮೇಲ್ಭಾಗದಲ್ಲಿ ಗಾಳಿಯೂ ಹೆಚ್ಚುಕಡಿಮೆ ಹೀಗೇ ಅಪ್ಪಿಕೊಂಡು ಹರಿಯಬೇಕು. ಆಗಲೇ ವಿಮಾನ ಮೇಲೇಳುವುದು. ರೆಕ್ಕೆ ಒರಟಾಯಿತೋ, ಮೈಗೆ ಹತ್ತಿದ ಗಾಳಿಯ ಪದರ ತಡೆದು ತಡೆದು, ಸುಳಿಸುಳಿಯಾಗಿ, ಬೇಗನೆ ಕಿತ್ತುಕೊಂಡುಬಿಡುತ್ತದೆ. ಮರಳು ಕಾಗದದಷ್ಟು ಒರಟಾದ ಹಿಮ ಕೂತರೂ ಸಾಕು, ಎತ್ತುವ ಬಲ ಶೇಕಡಾ 30ರವರೆಗೆ ಇಳಿಯಬಹುದು, ಹಿಂದಕ್ಕೆಳೆಯುವ ಬಲ ಶೇಕಡಾ 40ರವರೆಗೆ ಏರಬಹುದು. ಇದು ಹಿಮದ ಭಾರದ ಮಾತಲ್ಲ, ಒರಟಿನ ಮಾತು!

"ಗಾಲ್ಫ್ ಚೆಂಡಿಗೆ ಗುಳಿಗಳಿದ್ರೇನೇ ದೂರ ಹೋಗೋದು, ಅಮ್ಮಾ" ಎಂದು ಮಗರಾಯ ವಾದಿಸಬಹುದು. ಅದೂ ನಿಜವೇ. ದುಂಡು ಚೆಂಡಿನ ಬೆನ್ನಲ್ಲಿ ಗಾಳಿ ಹೇಗೂ ಬೇಗ ಬಿಟ್ಟುಹೋಗುತ್ತದೆ. ಗುಳಿಗಳು ಅದನ್ನು ಇನ್ನಷ್ಟು ದೂರ ಹಿಡಿದಿಡುತ್ತವೆ. ರೆಕ್ಕೆಯ ಆಕಾರ ಬೇರೆ, ಅದರ ಲೆಕ್ಕವೂ ಬೇರೆ.

1989ರ ಮಾರ್ಚ್ 10ರಂದು ಕೆನಡಾದ ಡ್ರೈಡನ್‌ನಿಂದ ಏರ್ ಒಂಟಾರಿಯೊ ವಿಮಾನವೊಂದು ಹಿಮವನ್ನು ಹೊತ್ತೇ ಹೊರಟಿತು. ಮೇಲೇರಲಾರದೆ ಕಾಡಿನ ಮರಗಳಿಗೆ ಬಡಿಯಿತು. ಒಳಗಿದ್ದ 69 ಮಂದಿಯಲ್ಲಿ 24 ಜನ ತೀರಿಕೊಂಡರು. ರೆಕ್ಕೆಯ ಮೇಲಿನ ಹಿಮವನ್ನು ಪ್ರಯಾಣಿಕರು ಕಂಡಿದ್ದರು, ಬದುಕುಳಿದ ಗಗನಸಖಿಯೂ ಕಂಡಿದ್ದರು. ಆದರೆ ಪೈಲಟ್‌ಗೆ ಇಂಥ ಮಾತು ಹೇಳಲು ನಾವ್ಯಾರು ಎಂಬ ಹಿಂಜರಿಕೆ. ಸುದ್ದಿ ಕಾಕ್‌ಪಿಟ್ ಮುಟ್ಟಲೇ ಇಲ್ಲ.

ಆದ್ದರಿಂದ ಸೋದರಿಯರೇ, ಅಭ್ಯಂಜನಕ್ಕೆ ತಡವಾದರೆ ಆಗಲಿ ಬಿಡಿ. ಆ ದ್ರವದ ಗುಣ ಇಂತಿಷ್ಟೇ ಹೊತ್ತು. ಸರದಿಯಲ್ಲಿ ಕಾಯುವುದು ಹೆಚ್ಚಾದರೆ ಮತ್ತೊಮ್ಮೆ ಸುರಿಯಬೇಕಾಗುತ್ತದೆ. ಅದಕ್ಕೂ ಬೇಸರ ಬೇಡ. ಇನ್ನು, ಹೊರಡುವ ಮುಂಚೆ ರೆಕ್ಕೆಯ ಮೇಲೆ ಬೆಳ್ಳಗೆ ಕಂಡರೆ ಸಂಕೋಚ ಬಿಟ್ಟು ಗಗನಸಖಿಗೆ ಹೇಳಿ. ಇಂಗ್ಲಿಷ್ ಬಾರದೇ? ಬೆರಳು ತೋರಿಸಿ 'ಸ್ನೋ' ಎಂದರೂ ಸಾಕು. ನಕ್ಕರೆ ನಗಲಿ, ನೋಡಿ ಬಂದು ಹೇಳುತ್ತಾರಲ್ಲ!