ಮೂಗಿಗಿಂತ ಮೂಗುತಿ ಭಾರ

ನಮ್ಮ ನೆರೆಯಲ್ಲಿ ವಾಸಿಸುವ ಬಡಗಿಯೊಬ್ಬರ ಬಳಿ ವಿದ್ಯುತ್ತಿನಿಂದ ನಡೆಯುವ ಡ್ರಿಲ್ ಯಂತ್ರವೊಂದಿದೆ. ಹಿರಿಯರು ಕೈಯಿಂದ ತಿರುಗಿಸುತ್ತಿದ್ದ ಬೈರಿಗೆಯ ಮೊಮ್ಮಗನೆಂದು ಅದನ್ನು ಕರೆಯಬಹುದು. ಕೊಲ್ಲಿಯ ದೇಶವೊಂದರಲ್ಲಿ ದುಡಿಯುತ್ತಿದ್ದ ಅವರ ತಮ್ಮ ರಜೆಯಲ್ಲಿ ಬಂದಾಗ ಅಣ್ಣನಿಗಾಗಿ ತಂದ ಉಡುಗೊರೆಯದು. ಕೆಲವು ವರ್ಷ ಸೊಗಸಾಗಿ ದುಡಿದ ಆ ಯಂತ್ರ ಒಂದು ದಿನ ಕಿಡಿ ಕಾರಿ ನಿಂತುಹೋಯಿತು. ಬಿಚ್ಚಿ ನೋಡಲಾಗಿ, ಸವೆದಿದ್ದುವು ಬೆರಳುಗುರಿನಷ್ಟು ಚಿಕ್ಕವಾದ ಎರಡು ಇಂಗಾಲದ ತುಂಡುಗಳು ಮಾತ್ರ. ತಯಾರಕರಿಗೆ ಬರೆದು ವಿಚಾರಿಸಿದರೆ, ಆ ತುಂಡುಗಳ ಬೆಲೆ ಒಂದು ಹೊತ್ತಿನ ಊಟದ ಖರ್ಚಿನಷ್ಟು. ಅವನ್ನು ಇಲ್ಲಿಗೆ ಕಳುಹಿಸುವ ವೆಚ್ಚವಾದರೋ ಅದರ ಎಂಟು ಮಡಿ! ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಇಂತಹ ಪ್ರಸಂಗದಲ್ಲಿಯೇ ಹುಟ್ಟಿರಬೇಕು. “ಇದನ್ನು ಗುಜರಿಗೆ ಹಾಕಿ ಹೊಸದು ಕೊಳ್ಳಿ” ಎಂದು ಅಂಗಡಿಯವರೊಬ್ಬರು ಬುದ್ಧಿ ಹೇಳಿದರು. ಯಂತ್ರ ನಿಂತ ದಿನ ಕೂಲಿಯೂ ನಿಲ್ಲುವ ಮನೆಯಲ್ಲಿ ಈ ಮಾತು ಸುಲಭವಾದುದಲ್ಲ.

ವಿದ್ಯಾರ್ಥಿ ಮಿತ್ರರೇ, ಆ ತುಂಡು ಸವೆದುದು ಯಂತ್ರದ ದೋಷವಲ್ಲ. ಕಾರ್ಬನ್ ಬ್ರಷ್ ಎಂಬ ಹೆಸರಿನ ಆ ಭಾಗವನ್ನು ಚಿಕ್ಕ ಸ್ಪ್ರಿಂಗೊಂದು ಹಿಂದಿನಿಂದ ಒತ್ತುತ್ತ, ತಿರುಗುವ ಕಮ್ಯುಟೇಟರಿಗೆ ಸದಾ ತಾಗಿಸಿಟ್ಟಿರುತ್ತದೆ. ಅದರ ಮೂಲಕವೇ ವಿದ್ಯುತ್ತು ಒಳಗೆ ಹರಿಯುವುದು. ತಾಮ್ರದ ಕಮ್ಯುಟೇಟರು ಬಹುಕಾಲ ಉಳಿಯಲೆಂದು, ಮೃದುವಾದ ಇಂಗಾಲ ತಾನು ಸವೆಯುತ್ತದೆ. ಸವೆಯುವುದೇ ಅದರ ಧರ್ಮ. ಅದನ್ನು ಬದಲಿಸುವುದು ಒಡೆಯನ ಧರ್ಮ. ಸವೆಯಲೆಂದೇ ಮಾಡಿದ ಭಾಗ ದೊರೆಯದೆ ಇಡೀ ಯಂತ್ರ ಕಸವಾಗುವುದಾದರೆ, ಅದು ಎಣ್ಣೆ ತೀರಿತೆಂದು ದೀಪವನ್ನೇ ಎಸೆದಂತೆ.

ಹಾಗೆಂದು ಸಾಗಣೆಯವರನ್ನು ಮಾತ್ರ ಶಪಿಸುವುದು ನ್ಯಾಯವಲ್ಲ. 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಅಂದಿನಿಂದ ಬೆಳೆದ ಕಂಟೇನರ್ ಪದ್ಧತಿಯಿಂದ ರಾಶಿ ಸರಕಿನ ಸಾಗಣೆ ಬಹಳ ಅಗ್ಗವಾಯಿತು. ನಮ್ಮ ನವಾ ಶೇವಾ ಬಂದರಿನಲ್ಲಿ ಇಂದು ಇಳಿಯುವುದು ಇಂತಹ ಪೆಟ್ಟಿಗೆಗಳೇ. ಸಾವಿರಾರು ಯಂತ್ರಗಳು ಒಂದೇ ಪೆಟ್ಟಿಗೆಯಲ್ಲಿ ಬಂದಾಗ ಒಂದೊಂದರ ಪಾಲಿಗೆ ಬೀಳುವ ವೆಚ್ಚ ಅತ್ಯಲ್ಪ. ಒಂಟಿಯಾಗಿ ಬರುವ ಬಿಡಿಭಾಗದ ಗತಿ ಬೇರೆ. ಅದನ್ನು ಕಟ್ಟುವುದು, ಕಾಗದಪತ್ರ ಬರೆಯುವುದು, ಸುಂಕದ ಕಟ್ಟೆ ದಾಟಿಸುವುದು, ಮನೆಬಾಗಿಲಿಗೆ ತಲುಪಿಸುವುದು, ಈ ಶ್ರಮವೆಲ್ಲ ವಸ್ತು ಚಿಕ್ಕದಾದ ಮಾತ್ರಕ್ಕೆ ಚಿಕ್ಕದಾಗದು. ಇದಲ್ಲದೆ ಅನೇಕ ಅಂತರರಾಷ್ಟ್ರೀಯ ಕೊರಿಯರ್ ಸಂಸ್ಥೆಗಳು ಪೊಟ್ಟಣದ ಗಾತ್ರವನ್ನೂ ತೂಕವಾಗಿ ಪರಿಗಣಿಸುತ್ತವೆ. ಉದ್ದ, ಅಗಲ, ಎತ್ತರಗಳ ಸೆಂಟಿಮೀಟರುಗಳನ್ನು ಗುಣಿಸಿ 5000ದಿಂದ ಭಾಗಿಸುವುದು ಅವುಗಳ ರೂಢಿಯ ಲೆಕ್ಕ. 30, 20, 10 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಕೆಲವೇ ಗ್ರಾಂ ತೂಗುವ ತುಂಡನ್ನಿಟ್ಟರೂ 1.2 ಕಿಲೋಗ್ರಾಮಿನ ಬಾಡಿಗೆ ತೆರಬೇಕು. ಗಣಿತದ ತರಗತಿಯಲ್ಲಿ ಘನಫಲದ ಲೆಕ್ಕ ಬೇಸರ ತರಿಸುತ್ತದೆಯೆನ್ನುವವರು ಇದನ್ನು ಗಮನಿಸಬೇಕು.

ಹಾಗಾದರೆ ದಾರಿ ಯಾವುದು? ಸ್ವದೇಶದ ಉಪಕರಣವನ್ನು ಮಾತ್ರ ಕೊಳ್ಳಬೇಕೆಂದು ಕೆಲವರು ಹೇಳುವರು. ಅವರ ಅಭಿಮಾನ ಮೆಚ್ಚತಕ್ಕದ್ದೇ. ಆದರೆ ಇಲ್ಲಿ ತಯಾರಾದ ಯಂತ್ರಕ್ಕೂ ಬಿಡಿಭಾಗ ದೊರೆಯದಿದ್ದರೆ ಬಡಗಿಯ ಕಷ್ಟ ಒಂದೇ ಅಲ್ಲವೇ? ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ ಉಪಕರಣ ಎಲ್ಲಿಂದ ಬಂತೆಂಬುದಲ್ಲ. ಅದರ ಸವೆಯುವ ಭಾಗ ಎಲ್ಲಿ ದೊರೆಯುತ್ತದೆಂಬುದು. ಈ ಪ್ರಶ್ನೆಯನ್ನು ಹಣ ಕೊಡುವ ಮೊದಲೇ ಕೇಳಬೇಕು.

ಇದಕ್ಕೆ ಒಳ್ಳೆಯ ನಿದರ್ಶನ ಬಾಲ್ ಬೇರಿಂಗು. 608 ಎಂಬ ಸಂಖ್ಯೆಯ ಬೇರಿಂಗು ಯಾವ ದೇಶದಲ್ಲಿ ತಯಾರಾದರೂ ಅದರ ಒಳವ್ಯಾಸ 8, ಹೊರವ್ಯಾಸ 22, ಅಗಲ 7 ಮಿಲಿಮೀಟರು. ಅದು ಸವೆದರೆ ಸಮುದ್ರದಾಚೆಗೆ ಬರೆಯಬೇಕಾಗಿಲ್ಲ. ಮುಂಬಯಿಯ ನಾಗದೇವಿ ಬೀದಿಯಲ್ಲಿ ಆ ಸಂಖ್ಯೆಯನ್ನು ಹೇಳಿದರೆ ಸಾಕು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಿರುಪು ಮೊಳೆಗಳ ಸುತ್ತುಗಳಿಗೆ ಒಂದೇ ಅಳತೆಯಿರಲೆಂದು ಸೂಚಿಸಿದುದು ಇದೇ ಉದ್ದೇಶದಿಂದ. ಭಾರತದ ಮಾನಕ ಸಂಸ್ಥೆ 1947ರಲ್ಲಿ ಸ್ಥಾಪನೆಯಾಯಿತು. ಬಿಡಿಭಾಗ ಕೊಡದೆ ಗ್ರಾಹಕರನ್ನು ಹೊಸ ವಸ್ತುವಿನತ್ತ ತಳ್ಳುವ ರೂಢಿಯನ್ನು ಮನಗಂಡು, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ದುರಸ್ತಿಯ ಹಕ್ಕಿನ ಕಾರ್ಯವನ್ನು ಕೈಗೊಂಡಿತು. ತಯಾರಕರು ತಮ್ಮದೇ ವಿಚಿತ್ರ ಆಕಾರದ ಭಾಗಗಳನ್ನು ಬಿಟ್ಟು ಸರ್ವಸಮ್ಮತ ಅಳತೆಗಳನ್ನು ಬಳಸಿದರೆ, ಸಾಗಣೆಯ ಅರ್ಧ ಸಮಸ್ಯೆ ಸಾಗಣೆಯಿಲ್ಲದೆಯೇ ಪರಿಹಾರವಾಗುವುದು. ಇನ್ನುಳಿದ ಅರ್ಧಕ್ಕೆ, ಅದೇ ಯಂತ್ರವುಳ್ಳ ಹತ್ತು ಮಂದಿ ಕೂಡಿ ಒಂದೇ ಪೊಟ್ಟಣದಲ್ಲಿ ತರಿಸಿಕೊಂಡರೆ ಬಾಡಿಗೆ ಹಂಚಿಹೋಗುವುದು.

ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಹೊಂದಿದಂತೆ ಕಂಡುದೆಲ್ಲ ಹೊಂದುವುದಿಲ್ಲ. ತೀರ ಗಡುಸಾದ ಬ್ರಷ್ ಕಮ್ಯುಟೇಟರನ್ನೇ ತಿನ್ನುವುದು. ಸಾಣೆಯಂತ್ರಕ್ಕೆ ಅದರ ವೇಗವನ್ನು ತಾಳಲಾರದ ಚಕ್ರವನ್ನು ಹಾಕಿದರೆ ಅದು ಸಿಡಿದು ಪ್ರಾಣಕ್ಕೇ ಅಪಾಯ. ಮಿತವ್ಯಯವೆಂಬುದು ಕಣ್ಣುಮುಚ್ಚಿ ಅಗ್ಗವನ್ನು ಆರಿಸುವುದಲ್ಲ.

ಆ ಬಡಗಿಯ ಯಂತ್ರ ಮರಳಿ ನಡೆಯುತ್ತಿದೆ. ಒಂಬತ್ತನೆಯ ತರಗತಿಯಲ್ಲಿ ಓದುವ ಅವರ ಮಗಳು, ಪ್ರಯೋಗಶಾಲೆಯಲ್ಲಿ ಕಲಿತ ವರ್ನಿಯರ್ ಕ್ಯಾಲಿಪರಿನಿಂದ ಆ ತುಂಡನ್ನು ಅಳೆದಳು. ಉದ್ದ ಸವೆದುಹೋಗಿದ್ದರೂ ದಪ್ಪ ಮತ್ತು ಅಗಲಗಳು ಸವೆಯುವುದಿಲ್ಲವೆಂಬುದನ್ನು ಅವಳು ಗುರುತಿಸಿದ್ದೇ ಜಾಣತನ. ದಪ್ಪ 5, ಅಗಲ 8 ಮಿಲಿಮೀಟರೆಂದು ಚೀಟಿಯಲ್ಲಿ ಬರೆದು ತಂದೆಗೆ ಕೊಟ್ಟಳು. ಆ ಚೀಟಿಯನ್ನೂ ಹಳೆಯ ತುಂಡನ್ನೂ ನೋಡಿದ ಅಂಗಡಿಯವರು ಅಂತಹುದೇ ಮೋಟಾರಿಗೆ ಹೊಂದುವ ಜೊತೆಯನ್ನು ತೆಗೆದುಕೊಟ್ಟರು. ಹಡಗಾಗಲಿ ವಿಮಾನವಾಗಲಿ ಬೇಕಾಗಲಿಲ್ಲ.

ಅಳೆಯಬಲ್ಲವನು ಬೇಡಬೇಕಾಗಿಲ್ಲ. ನಿಮ್ಮ ಮನೆಯ ಮಿಕ್ಸರ್, ಹೊಲಿಗೆಯಂತ್ರ, ಸೈಕಲ್ಲುಗಳಲ್ಲಿ ಸವೆಯುವ ಭಾಗಗಳು ಯಾವುವು, ಅವುಗಳ ಹೆಸರು ಮತ್ತು ಅಳತೆಯೇನು ಎಂಬುದನ್ನು ಈ ರಜೆಯಲ್ಲಿಯೇ ಒಂದು ಪುಸ್ತಕದಲ್ಲಿ ಬರೆದಿಡಿ. ಯಂತ್ರ ನಿಂತ ದಿನ ಆ ಒಂದು ಪುಟದ ಬೆಲೆ ನಿಮಗೆ ತಿಳಿಯುವುದು.